ಹಳೇ ಗ್ರಿಸ್‌ವೋಲ್ಡ್ ಪಡ್ಡು ಹಂಚು ಅಂತ ನಕಲಿ ಮಾರ್ತಿದ್ದಾರೆ, ಹುಷಾರು

ಅಮೆರಿಕದಲ್ಲಿ ಇರುವ ಕನ್ನಡದವರು, ಅದರಲ್ಲೂ ಪಡ್ಡು ಮಾಡೋಕೆ ಹಳೇ ಬೀಡಿನ (ಎರಕದ ಕಬ್ಬಿಣದ) ಹಂಚು ಹುಡುಕುತ್ತಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ನನಗೆ 140 ಡಾಲರ್ ಪಂಗನಾಮ ಬಿದ್ದಿದೆ. ದುಡ್ಡು ಹೋಯಿತು, ಹೋಗಲಿ. ಆದರೆ ಆ ಮಹಾಶಯ ನಾಮ ಹಾಕಿದ ರೀತಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇಲ್ಲಿ ಡೆನ್ಮಾರ್ಕಿನವರ ಎಬಲ್‌ಸ್ಕೀವರ್ ಅನ್ನೋ ಉಂಡೆ ತಿಂಡಿಗೆ ಒಂದು ಬೀಡಿನ ಪಾತ್ರೆ ಸಿಗುತ್ತದೆ. ಏಳು ಗುಳಿ, ಒಂದು ಹಿಡಿ. ನೋಡಿದರೆ ನಮ್ಮ ಪಡ್ಡು ಹಂಚೇ. ಪೆನ್ಸಿಲ್ವೇನಿಯಾದ ಈರಿಯಲ್ಲಿದ್ದ ಗ್ರಿಸ್‌ವೋಲ್ಡ್ ಕಂಪನಿಯ ಹಂಚು ಅಂದರೆ ಹುಡುಕುವವರಿಗೆ ಪ್ರಾಣ. ಅದರ ತಳದಲ್ಲಿ ಮಾದರಿಯ ನಂಬರ್ 32, ಅಚ್ಚಿನ ನಂಬರ್ 962 ಅಂತ ಇರುತ್ತದೆ. ಈರಿಯ ಕಾರ್ಖಾನೆ 1957ರಲ್ಲೇ ಮುಚ್ಚಿತು, ಹೆಸರು ಬೇರೆಯವರ ಕೈಗೆ ಹೋಯಿತು. ಹೊಸ ಹಂಚುಗಳೂ ಸಿಗುತ್ತವೆ, ಕೆಲಸಕ್ಕೇನೂ ಮೋಸ ಇಲ್ಲ. ಆದರೆ ಒಳಗೆ ಸಣ್ಣ ಹರಳು ಹರಳಾಗಿ ಇರುತ್ತವೆ. ಹಳೇ ಕಾಲದ್ದು ನಯ, ಹಗುರ. ಪಡ್ಡು ಚಮಚದ ತುದಿ ತಾಗಿದರೆ ಸಾಕು, ತಿರುಗಿಕೊಳ್ಳುತ್ತದೆ. ಆ ಆಸೆಗೇ ನಾನು ಬಲೆಗೆ ಬಿದ್ದದ್ದು.

ಆನ್‌ಲೈನಿನಲ್ಲಿ ಹಳೇ ಸಾಮಾನು ಮಾರುವವನೊಬ್ಬ ಹಾಕಿದ್ದ. "ನಮ್ಮ ಅಜ್ಜಿಯ ಅಡುಗೆಮನೆಯದು, ಗ್ರಿಸ್‌ವೋಲ್ಡ್, ಈರಿ, ನೂರು ವರ್ಷ ಹಳೇದು." ಫೋಟೋ ಕತ್ತಲು ಕತ್ತಲು, ಹಂಚಿನ ಮೇಲೆ ಎಣ್ಣೆ ಮಿರಿಮಿರಿ. ತಳದ ಫೋಟೋ ಕೇಳಿದೆ. ಕಳಿಸಿದ. ಹೆಸರು ಇದೆ, 32 ಇದೆ, 962 ಇದೆ, ಈರಿ ಅಂತಲೂ ಇದೆ. ಇನ್ನೇನು ಬೇಕು ಅನಿಸುತ್ತೆ ಅಲ್ವಾ?

ಅಲ್ಲೇ ಇರುವುದು ಮೋಸ. ಅಸಲಿ ಹಂಚನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಅದಕ್ಕೆ ಬೀಡು ಹೊಯ್ದರೆ ಅಕ್ಷರವೆಲ್ಲ ತಾನಾಗಿಯೇ ಬಂದುಬಿಡುತ್ತದೆ. ಹೆಸರು ಇದೆ ಅಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಏನೂ ಇಲ್ಲ!

ಹಂಚು ಬಂತು. ಗುಳಿಯೊಳಗೆ ಬೆರಳಾಡಿಸಿದರೆ ಮರಳು ಕಾಗದ. ತಳದ ಅಕ್ಷರಗಳು ಬಳಸಿ ಬಳಸಿ ಸವೆದ ಸೋಪಿನ ಮೇಲಿನ ಹೆಸರಿನ ಹಾಗೆ, ಅಂಚೇ ಇಲ್ಲ. ಆವತ್ತೇ ಬರೆದೆ. ತಕ್ಷಣ ಉತ್ತರ ಬಂತು, ಎಷ್ಟು ನಯವಾಗಿ ಅಂತೀರಿ! "ನಿಮಗೆ ಒರಟು ಅನಿಸುತ್ತಿರುವುದು ಹಳೇ ಎಣ್ಣೆಯ ಕರಿ. ಅದನ್ನು ಪೂರ್ತಿ ತೆಗೆದು ನಾಲ್ಕೈದು ಸಲ ಪಳಗಿಸಿ. ಗಾಜಿನಂತೆ ಆಗುತ್ತದೆ. ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು."

ಮಾತು ಸುಳ್ಳು ಅನಿಸುವುದಿಲ್ಲ ನೋಡಿ. ಹಳೇ ಹಂಚು ತಂದವರೆಲ್ಲ ಇಲ್ಲಿ ಮಾಡುವುದೇ ಅದು. ಲೈ ಅನ್ನೋ ಕಟು ಕ್ಷಾರ ಇರುವ ಓವನ್ ಕ್ಲೀನರ್ ಬಳಿದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ, ಉಜ್ಜಿದೆ, ತೊಳೆದೆ. ಕರಿ ಹೋಯಿತು. ಕೆಳಗೆ ಬೂದು ಬಣ್ಣದ ಕಬ್ಬಿಣ, ಅದೂ ಒರಟೇ. ಅಂಚಿನ ಸುತ್ತ ಗ್ರೈಂಡರ್ ಹಿಡಿದ ಗೀರುಗಳು. ತಳದಲ್ಲಿ ಒಂದು ಕಡೆ ಏನನ್ನೋ ಉಜ್ಜಿ ಅಳಿಸಿದ ಮಚ್ಚೆ. ಫೋಟೋ ತೆಗೆದು ಕಳಿಸಿದೆ. "ಅದು ಹಳೇ ಕೆಲಸಗಾರರ ಕೈ ಗುರುತು. ಇನ್ನೊಂದೆರಡು ಸಲ ಪಳಗಿಸಿ, ತಾಳ್ಮೆ ಬೇಕು" ಅಂದ. ಪಕ್ಕದಲ್ಲಿ ನಗುವ ಮುಖ ಬೇರೆ.

ಪಳಗಿಸಿದೆ ಸ್ವಾಮಿ. ಎಣ್ಣೆ ತೆಳ್ಳಗೆ ಸವರಿ, ಓವನ್ನಿನಲ್ಲಿ ಕಾಯಿಸಿ, ಆರಿಸಿ, ಮತ್ತೆ ಸವರಿ. ಮನೆಯೆಲ್ಲ ಹೊಗೆ, ಹೆಂಡತಿ ಕೈಯಲ್ಲಿ ಬೈಸಿಕೊಂಡಿದ್ದಾಯಿತು. ಇಷ್ಟರಲ್ಲಿ ಕನ್ನಡ ಕೂಟದ ಯುಗಾದಿ ಬಂತು. ನೂರು ವರ್ಷದ ಹಂಚಿನಲ್ಲಿ ಪಡ್ಡು ತಿನ್ನಿಸ್ತೀನಿ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಒಂದೊಂದು ಪಡ್ಡೂ ತಳ ಗುಳಿಯಲ್ಲಿ ಬಿಟ್ಟು, ತಲೆ ಮಾತ್ರ ಚಮಚಕ್ಕೆ ಬಂತು. ಮಕ್ಕಳು ನಗುತ್ತಿದ್ದವು.

ಅಲ್ಲಿ ಒಬ್ಬರು ಅಕ್ಕ ಪಾಪ ಸುಮ್ನೆ ಒಳಗೆ ಹೋಗಿ ತಮ್ಮ 32 ನಂಬರಿನ ಹಂಚು ತಂದರು. ಯಾರೋ ತೀರಿಕೊಂಡವರ ಮನೆ ಸಾಮಾನು ಮಾರುವಾಗ ಕೊಂಡದ್ದಂತೆ. ಎರಡನ್ನೂ ಪಕ್ಕ ಪಕ್ಕ ಇಟ್ಟೆವು. ನನ್ನದು ಚಿಕ್ಕದು! ಬರಿಗಣ್ಣಿಗೇ ಕಾಣುತ್ತಿತ್ತು. ಅಳತೆಪಟ್ಟಿ ಇಟ್ಟರೆ ಎರಡು ಮಿಲಿಮೀಟರಿಗೂ ಹೆಚ್ಚು ಚಿಕ್ಕದು. ಹೊಯ್ದ ಬೀಡು ತಣಿಯುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಹಂಚಿನಿಂದಲೇ ಅಚ್ಚು ತೆಗೆದು ಇನ್ನೊಂದು ಹಂಚು ಮಾಡಿದರೆ, ಆ ಮರಿ ತಾಯಿಗಿಂತ ಚಿಕ್ಕದಾಗಲೇಬೇಕು. ಎಷ್ಟು ಉಜ್ಜಿದರೂ ಪಳಗಿಸಿದರೂ ಅದು ಬೆಳೆಯುವುದಿಲ್ಲ.

ಅಳತೆಪಟ್ಟಿ ಇಟ್ಟ ಫೋಟೋ ಕಳಿಸಿ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಇದು: "ನೀವು ಅದರ ಹಳೇ ಪದರವನ್ನೆಲ್ಲ ಕಿತ್ತು ಹಾಕಿದ್ದೀರಿ. ವಸ್ತು ನಾನು ಕಳಿಸಿದ ಸ್ಥಿತಿಯಲ್ಲಿಲ್ಲ. ವಾಪಸ್ ತೆಗೆದುಕೊಳ್ಳುವುದಿಲ್ಲ."

ಓದಿ ಒಂದು ನಿಮಿಷ ಹಾಗೇ ಕೂತೆ. ಕಿತ್ತು ಹಾಕಿ ಅಂದವನೇ ಅವನು! ಪಳಗಿಸಿ ಅಂದವನೇ ಅವನು! ತಾಳ್ಮೆ ಬೇಕು ಅಂದನಲ್ಲ, ಆ ತಾಳ್ಮೆಯಲ್ಲೇ ವಾಪಸ್ ಕೊಡುವ ಗಡುವೂ ಮುಗಿದಿತ್ತು. ಸಹಾಯ ಮಾಡ್ತಿದ್ದಾನೆ ಅಂತ ಪ್ರತಿ ಸಲ ನಾನು ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಅವನ ಮಾತನ್ನೇ ಅವನಿಗೆ ತೋರಿಸಿದೆ. ಅದಕ್ಕೆ ಬಂದದ್ದು: "ಇದು ಪ್ಯಾನ್‌ಕೇಕಿಗೆ ಮಾಡಿದ ಪಾತ್ರೆ. ಅದರಲ್ಲಿ ನೀವು ಅಕ್ಕಿ ಹಿಟ್ಟು ಸುರಿದರೆ ನಾನೇನು ಮಾಡಲಿ?" ಆಮೇಲೆ ನನ್ನನ್ನು ಬ್ಲಾಕ್ ಮಾಡಿದ. ಮಾರಾಟದ ಬರಹ ನೋಡಿದರೆ 'ಗ್ರಿಸ್‌ವೋಲ್ಡ್' ಇದ್ದ ಕಡೆ 'ಗ್ರಿಸ್‌ವೋಲ್ಡ್ ಮಾದರಿ' ಆಗಿತ್ತು. ಹಳೇ ಬರಹದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇರಲಿಲ್ಲ. ದೂರು ಕೊಟ್ಟರೆ ಗಡುವು ಮುಗಿದಿದೆ ಅನ್ನೋ ಒಂದು ಸಾಲಿನ ಉತ್ತರ. ಈಗ ಇನ್ನೊಂದು ಹಂಚು ಮಾರಾಟಕ್ಕೆ ಇಟ್ಟಿದ್ದಾನೆ, ಅದೂ ಅಜ್ಜಿಯದಂತೆ. ಎಷ್ಟು ಅಜ್ಜಿಯರಪ್ಪಾ ಇವನಿಗೆ!

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಬೆಳಕಿನಲ್ಲಿ ತೆಗೆದ, ಎಣ್ಣೆ ಹಚ್ಚದ ಫೋಟೋ ಕೇಳಿ. ಅಂಚಿನಿಂದ ಅಂಚಿಗೆ ಅಳತೆಪಟ್ಟಿ ಇಟ್ಟು ತೋರಿಸಲಿ, ಅಸಲಿ ಇರುವವರ ಹತ್ತಿರ ಹೋಲಿಸಿ. ಮಾರಾಟದ ಬರಹವನ್ನು ಕೊಳ್ಳುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಕೈಗೆ ಬಂದ ಮೇಲೆ ಒರಟು ಕಂಡರೆ ತೊಳೆಯಬೇಡಿ, ಉಜ್ಜಬೇಡಿ, ಪಳಗಿಸಬೇಡಿ. ಮಾರಿದವನೇ ಬೇಡಿಕೊಂಡರೂ ಮಾಡಬೇಡಿ. ಅದೇ ದಿನ ವಾಪಸ್ ಹಾಕಿ. ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ನಾದ ಬಂತು, ಅಸಲಿ ಅಂತ ಕೆಲವರು ಹೇಳ್ತಾರೆ. ಅದು ಬಿರುಕು ಇದೆಯೋ ಇಲ್ಲವೋ ನೋಡೋಕೆ ಮಾತ್ರ, ನನ್ನ ನಕಲಿಯೂ ಚೆನ್ನಾಗೇ ನಾದ ಮಾಡುತ್ತೆ.

ಹಾಗೇ ಇನ್ನೊಂದು. ವ್ಯಾಗ್ನರ್ ಅನ್ನೋ ಇನ್ನೊಂದು ಹಳೇ ಅಮೆರಿಕನ್ ಕಂಪನಿಯ ಬಾಣಲೆಯ ತಳದಲ್ಲಿ '1891' ಅಂತ ಇದೆ, ಅಷ್ಟು ಹಳೇದು ಅಂತ ಮಾರುತ್ತಾರೆ. 1891 ಆ ಕಂಪನಿ ಶುರುವಾದ ವರ್ಷ. ಆ ಬಾಣಲೆಗಳು ನೂರು ತುಂಬಿದ ನೆಪದಲ್ಲಿ 1990ರ ದಶಕದಲ್ಲಿ ಮಾಡಿದ್ದು. ತಳದಲ್ಲಿ ಪಳಗಿಸುವ ವಿಧಾನವನ್ನೇ ಸಾಲು ಸಾಲಾಗಿ ಅಚ್ಚು ಹಾಕಿರುತ್ತಾರೆ. ಅಡುಗೆಗೆ ಚೆನ್ನಾಗಿಯೇ ಇರುತ್ತವೆ, ಆದರೆ ಪುರಾತನದ ರೇಟು ಕೊಡಬೇಡಿ.

32 ನಂಬರಿನ ಹಂಚು ನೋಡಿದ್ದೀರಿ, ಅನುಮಾನ ಇದೆ ಅಂದರೆ ತಳದ ಫೋಟೋ ಮತ್ತು ಅಳತೆ ನನಗೆ ಕಳಿಸಿ. ಅಕ್ಕನ ಹಂಚಿನ ಅಳತೆ ಬರೆದಿಟ್ಟುಕೊಂಡಿದ್ದೇನೆ, ಹೋಲಿಸಿ ಹೇಳ್ತೀನಿ.