ಅಂಟಿಸೋ ಟೈರು: ಗಮ್ಮೋ, ಟೇಪೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಮ್ಮಿಗೆ. ಟೇಪ್ ನಂಬಿ ಎರಡು ಸಂಜೆ ಹಾಳು ಮಾಡಿಕೊಂಡವನು ನಾನು.

ಹಳೇ ರೇಸಿಂಗ್ ಸೈಕಲ್ ಕೊಂಡಿದ್ದೆ. ಅಲ್ಯೂಮಿನಿಯಂ ರಿಮ್ಮು, ಟ್ಯೂಬ್ಯುಲರ್ ಟೈರು. ಟ್ಯೂಬು ಟೈರಿನೊಳಗೇ ಹೊಲಿದಿರುತ್ತೆ, ಟೈರನ್ನು ರಿಮ್ಮಿಗೆ ಅಂಟಿಸಬೇಕು. ಪಂಕ್ಚರ್ ಸಲ್ಯೂಷನ್ ನಡೆಯಲ್ಲ, ಇದಕ್ಕೆ ಬೇರೆಯೇ ಗಮ್. ಎರಡು ಮೂರು ಕೋಟ್ ಹಚ್ಚಬೇಕು, ನಡುನಡುವೆ ಒಣಗಲು ಬಿಡಬೇಕು. ಎರಡೂ ಕಡೆ ಅಂಟುವ ಟೇಪಾದರೆ ಅರ್ಧ ಗಂಟೆ ಕೆಲಸ. ಮುಂದಿನ ಗಾಲಿಗೆ ಗಮ್ ಹಾಕುವಷ್ಟರಲ್ಲಿ ತಾಳ್ಮೆ ಮುಗಿದಿತ್ತು, ಹಿಂದಿನದಕ್ಕೆ ಟೇಪ್ ಹಾಕಿದೆ.

ಓಡಿಸುವಾಗ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ಲಲಿತಮಹಲ್ ರಸ್ತೆಯಲ್ಲಿ ಹಿಂದಿನ ಗಾಲಿ ಗುಂಡಿಗೆ ಬಿತ್ತು. ರಿಮ್ ಬ್ರೇಕಿಗೆ ಟಕ್ ಟಕ್ ಅಂತ ತಾಗತೊಡಗಿತು. ಬೆಂಡ್ ತೆಗೆಯೋದು ನನಗೆ ಗೊತ್ತು. ರಿಮ್ ಎಡಕ್ಕೆ ವಾಲಿದ್ದರೆ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ, ಒಂದು ಸಲಕ್ಕೆ ಕಾಲು ಸುತ್ತು. ಟೈರ್ ಬಿಚ್ಚುವ ಗೋಜೇ ಇಲ್ಲ. ಆದರೆ ಒಂದು ನಿಪ್ಪಲ್ (ಕಡ್ಡಿಯ ತುದಿಯ ಪುಟ್ಟ ನಟ್ಟು) ಕಚ್ಚಿಕೊಂಡಿತ್ತು. ಜೋರು ಮಾಡಿದ್ದಕ್ಕೆ ಮೂಲೆಗಳೆಲ್ಲ ಸವೆದು ಗುಂಡಗಾಯ್ತು. ಹೊಸದು ಹಾಕಲು ಟೈರ್ ಕೀಳಲೇಬೇಕು, ಅದರ ತೂತು ಇರುವುದೇ ಟೈರಿನಡಿ.

ಟೈರ್ ಬಂತು, ಟೇಪ್ ಬರಲಿಲ್ಲ. ಅರ್ಧ ರಿಮ್ಮಿಗೆ, ಅರ್ಧ ಟೈರಿಗೆ. ಟೈರಿನ ತಳದ ಬಟ್ಟೆಪಟ್ಟಿಯೂ ಒಂದು ಗೇಣು ಎದ್ದು ಬಂತು. ಉಗುರಲ್ಲಿ ಕೆರೆದರೆ ಹಲಸಿನ ಮೇಣದ ಹಾಗೆ ಬೆರಳಿಗೇ ಮೆತ್ತಿಕೊಳ್ಳುತ್ತಿತ್ತು. ಹಲಸಿಗಾದರೆ ಕೊಬ್ಬರಿ ಎಣ್ಣೆ ಇದೆ. ಇಲ್ಲಿ ಎಣ್ಣೆ ಸೋಕಿದರೆ ಆಮೇಲೆ ಏನೂ ಅಂಟಲ್ಲ. ಥಿನ್ನರ್ ತಂದು ವರಾಂಡದಲ್ಲಿ ಕೂತೆ. (ಕಾರ್ಬನ್ ರಿಮ್ಮಿಗೆ ಈ ಸಾಹಸ ಬೇಡ.) "ಯಾರ ಮನೆಗೋ ಪೇಂಟ್ ಹೊಡೀತಿರೋದು?" ಅಂತ ಒಳಗಿಂದ ಅಮ್ಮ. ಉಜ್ಜಿದ್ದು ಎರಡು ಸಂಜೆ, ಬೆಂಡ್ ತೆಗೆದಿದ್ದು ಹದಿನೈದೇ ನಿಮಿಷ.

ಗಮ್ ಹಾಕಿದ್ದ ಮುಂದಿನ ಗಾಲಿಯ ಟೈರ್ ಪಂಕ್ಚರ್ ಆದಾಗ ಅದನ್ನೂ ಕಿತ್ತೆ. ಹೆಬ್ಬೆರಳು ನೋವು ಬಂತು, ಸುಳ್ಳು ಹೇಳಲ್ಲ. ಆದರೆ ಗಮ್ ತೆಳ್ಳಗೆ ರಿಮ್ಮಿನ ಮೇಲೇ ಕೂತಿತ್ತು. ಅದರ ಮೇಲೇ ಇನ್ನೊಂದು ಕೋಟ್ ಹಚ್ಚಿ ಬೇರೆ ಟೈರ್ ಕೂರಿಸಿದೆ.

ಗಮ್ಮಿಗೂ ಒಂದು ಭಯ ಇದೆ. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ರಿಮ್ ಕಾದು ಗಮ್ ಮೆತ್ತಗಾಗುತ್ತೆ. 2003ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಟಾರು ಕರಗಿದ ಇಳಿಜಾರಿನಲ್ಲಿ ಸ್ಪೇನಿನ ಬೆಲೋಕಿ ಬಿದ್ದಾಗಲೂ ಟೈರು ರಿಮ್ಮಿಂದ ಕಳಚಿತ್ತು. ನಾನಂತೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತೇನೆ.

ನಾಳೆ ಬೆಳಗ್ಗೆಯೇ ರೇಸ್ ಇದ್ದರೆ, ಗಾಲಿ ಸುಮ್ನೆ ಬಿಚ್ಚುವ ಚಟ ಇಲ್ಲದಿದ್ದರೆ ಟೇಪ್ ಹಾಕಿಕೊಳ್ಳಿ. ನನಗೆ ಆ ಚಟ ಜಾಸ್ತಿ. ಹಿಂದಿನ ಗಾಲಿ ಈಗ ವರಾಂಡದಲ್ಲಿ ನೇತಾಡುತ್ತಿದೆ, ಎರಡನೇ ಕೋಟ್ ಇನ್ನೂ ಒಣಗಿಲ್ಲ.