ಕಾಲೇಜಿನ ಡೇ ಕೇರ್: ಫೀಸು ಕಮ್ಮಿ, ಟೈಮಿಂಗ್ ಮಾತ್ರ ಮೇಷ್ಟ್ರುಗಳಿಗೆ

ನಮ್ಮ ಕಾಲೇಜು ಸಿಬ್ಬಂದಿಯ ಮಕ್ಕಳಿಗಾಗಿ ಕ್ಯಾಂಪಸ್ಸಿನಲ್ಲೇ ಒಂದು ಡೇ ಕೇರ್ ನಡೆಸುತ್ತಿದೆ. ಮಗಳನ್ನು ಅಲ್ಲಿಗೆ ಸೇರಿಸಿ ವರ್ಷದ ಮೇಲಾಯಿತು. ಹೇಗಿದೆ ಅಂತ ಸಿಕ್ಕವರೆಲ್ಲ ಕೇಳುತ್ತಾರೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಫೀಸು ಎಲ್ಲರಿಗೂ ಒಂದೇ ಅಲ್ಲ, ಸಂಬಳ ನೋಡಿ ಹಾಕುತ್ತಾರೆ. ಪ್ರೊಫೆಸರ್ ಕಟ್ಟುವುದಕ್ಕಿಂತ ಲ್ಯಾಬ್ ಅಟೆಂಡರ್ ಕಟ್ಟುವುದು ಎಷ್ಟೋ ಕಮ್ಮಿ, ಆದರೆ ಇಬ್ಬರ ಮಕ್ಕಳೂ ಕೂರುವುದು ಒಂದೇ ಚಾಪೆ ಮೇಲೆ. ಫೀಸು ಕಮ್ಮಿ ಅಂದ ಕೂಡಲೇ ಎಲ್ಲೋ ಕೈ ಬಿಗಿ ಹಿಡಿದಿರುತ್ತಾರೆ ಅನ್ನೋ ಅನುಮಾನ ಬರುತ್ತದೆ, ಅಲ್ವಾ? ಯಾವ ಡೇ ಕೇರ್ ಆದರೂ ದೊಡ್ಡ ಖರ್ಚು ನೋಡಿಕೊಳ್ಳುವವರ ಸಂಬಳವೇ. ಅಲ್ಲಿ ಉಳಿಸಬೇಕು ಅಂದರೆ ಒಬ್ಬರ ಕೈಗೆ ಜಾಸ್ತಿ ಮಕ್ಕಳನ್ನು ಕೊಡಬೇಕು, ಇಲ್ಲಾ ಅವರ ಸಂಬಳಕ್ಕೇ ಕತ್ತರಿ ಹಾಕಬೇಕು, ಹಾಗೆ ಮಾಡಿದರೆ ಒಳ್ಳೆಯವರು ನಿಲ್ಲುವುದಿಲ್ಲ. ಇಲ್ಲಿ ರೂಮು, ಕರೆಂಟು, ನೀರು, ರಿಪೇರಿ ಎಲ್ಲ ಕಾಲೇಜಿನ ಲೆಕ್ಕ. ನಾವು ಕಟ್ಟುವ ದುಡ್ಡು ಹೋಗುವುದು ಆಯಾಗಳ ಸಂಬಳಕ್ಕೆ. ವರ್ಷ ತುಂಬದ ಕೂಸುಗಳಿಗೆ ಮೂರು ಜನಕ್ಕೆ ಒಬ್ಬರು ಇದ್ದಾರೆ. ಹೊರಗೆ ಇದು ಸುಲಭಕ್ಕೆ ಸಿಗುವುದಿಲ್ಲ.

ನೋಡಿಕೊಳ್ಳುವುದರ ಬಗ್ಗೆ ದೂರೇ ಇಲ್ಲ. ಒಂದು ದಿನ ಕ್ಲಾಸು ಬೇಗ ಮುಗಿದು, ಹೇಳದೆ ಹೋಗಿ ಕಿಟಕಿ ಹತ್ತಿರ ನಿಂತಿದ್ದೆ. ಆಯಾ ಒಂದು ಮಗುವಿನ ಡೈಪರ್ ಬದಲಿಸಿ, ಮಗುವಿನ ಕೈ ತೊಳೆಸಿ ಕೆಳಗೆ ಬಿಟ್ಟರು. ಮೇಜು ಒರೆಸಿದರು. ಆಮೇಲೆ ತಮ್ಮ ಕೈಗೆ ಸೋಪು ಹಾಕಿ ನಿಧಾನವಾಗಿ ತೊಳೆದರು, ಆಗಲೇ ಇನ್ನೊಂದು ಮಗು ಕಾಲು ಹಿಡಿದು ಜಗ್ಗುತ್ತಿತ್ತು, ಆದರೂ ಅವಸರ ಮಾಡಲಿಲ್ಲ. ನನ್ನನ್ನು ಅವರು ನೋಡಿರಲೇ ಇಲ್ಲ. ಸಣ್ಣ ಕೂಸುಗಳನ್ನು ಅಂಗಾತವೇ ಮಲಗಿಸುತ್ತಾರೆ, ಹತ್ತಿರ ದಿಂಬು, ಗೊಂಬೆ ಏನೂ ಇಡುವುದಿಲ್ಲ. ಎದೆಹಾಲಿನ ಬಾಟಲಿ ಮೇಲೆ ಹೆಸರು, ತಾರೀಖು ಇರಲೇಬೇಕು, ಫ್ರಿಜ್ಜಿನಲ್ಲಿ 4 ದಿನ ದಾಟಿದ್ದನ್ನು ವಾಪಸ್ ಕೊಡುತ್ತಾರೆ. ಬಾಟಲಿಯೇ ಬೇಡ ಅನ್ನುವ ತಾಯಂದಿರು ಎರಡು ಕ್ಲಾಸಿನ ನಡುವೆ ಬಂದು ಹಾಲು ಕುಡಿಸಿ ಹೋಗುತ್ತಾರೆ.

ಜ್ವರ ಬಂದ ಮಗುವಿಗೆ, ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರುವವರೆಗೂ ಪ್ರವೇಶ ಇಲ್ಲ. ಬೆಳಗ್ಗೆ ಪ್ಯಾರಸಿಟಮಾಲ್ ಕುಡಿಸಿ ಸುಮ್ನೆ ತಂದು ಬಿಡುವವರೂ ಇದ್ದಾರೆ. (ಮಧ್ಯಾಹ್ನದೊಳಗೆ ಫೋನ್ ಬರುತ್ತದೆ, ಗೊತ್ತಾಗದೆ ಇರುತ್ತಾ?)

ಈಗ ಬೇಜಾರಿನ ವಿಷಯ. ಬಾಗಿಲು ತೆಗೆಯುವುದು ಮೊದಲ ಪೀರಿಯಡ್‌ಗೆ ಸ್ವಲ್ಪ ಮುಂಚೆ. ಪಾಠ ಮಾಡುವ ನಮಗೆ ಅಷ್ಟು ಸಾಕು. ಆದರೆ ಕ್ಲಾಸ್‌ರೂಮು ಗುಡಿಸುವವರು, ಅಟೆಂಡರ್‌ಗಳು ಅದಕ್ಕೂ ಎಷ್ಟೋ ಮೊದಲೇ ಬಂದಿರುತ್ತಾರೆ, ಅವರು ಮಗುವನ್ನು ಎಲ್ಲಿ ಬಿಡಬೇಕು? ವಿದ್ಯಾರ್ಥಿಗಳಿಗೆ ರಜೆ ಬಂದರೆ ಡೇ ಕೇರ್‌ಗೂ ರಜೆ, ಆಫೀಸು ಮತ್ತು ಲೈಬ್ರರಿಯವರಿಗೆ ಮಾತ್ರ ಡ್ಯೂಟಿ ಇರುತ್ತದೆ. ಪರೀಕ್ಷೆ ಡ್ಯೂಟಿ ಮುಗಿಸಿ ಬರುವುದು ತಡವಾದರೆ ದಂಡ ಬೇರೆ, ಆ ಡ್ಯೂಟಿ ಹಾಕಿದ್ದೂ ಕಾಲೇಜೇ! ಇನ್ನು ಅತಿಥಿ ಉಪನ್ಯಾಸಕರು ಪರ್ಮನೆಂಟ್ ಅಲ್ಲ ಅಂತ ಅವರಿಗೆ ಅರ್ಜಿಯನ್ನೇ ಕೊಡುವುದಿಲ್ಲ. ಕಮ್ಮಿ ಫೀಸು ಯಾರಿಗೋಸ್ಕರ ಇಟ್ಟರೋ ಅವರಿಗೇ ಮಗುವನ್ನು ತಂದು ಬಿಡಲು ಆಗುತ್ತಿಲ್ಲ. ಡೇ ಕೇರ್ ಕಮಿಟಿಯಲ್ಲಿ ಇರುವವರೆಲ್ಲ ಮೇಷ್ಟ್ರುಗಳೇ, ಅವರಿಗೆ ಈ ಪಜೀತಿ ಕಾಣುವುದಾದರೂ ಹೇಗೆ?

ಟೈಮ್ ಬದಲಿಸಿ ಅಂತ ಕೇಳಿದರೆ ಬಜೆಟ್ ಇಲ್ಲ ಅನ್ನುತ್ತಾರೆ. ರಜೆಯಲ್ಲಿ ತೆರೆಯಲು ದುಡ್ಡು ಬೇಕು, ಒಪ್ಪುತ್ತೇನೆ. ಬೆಳಗಿನ ಸಮಸ್ಯೆಗೆ ಅಷ್ಟೆಲ್ಲ ಬೇಕಾಗಿಲ್ಲ. ಈಗ ಆಯಾಗಳೆಲ್ಲ ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಾರೆ. ಮಕ್ಕಳು ಕಮ್ಮಿ ಇರುವ ಹೊತ್ತಿಗೆ ಇಬ್ಬರು ಬೇಗ ಬಂದು ಬೇಗ ಹೋಗಲಿ, ಉಳಿದವರು ತಡವಾಗಿ ಬಂದು ಸಂಜೆ ನೋಡಿಕೊಳ್ಳಲಿ. ಅದೇ ಜನ, ಅದೇ ಸಂಬಳ. ಆಯಾಗಳನ್ನೇ ಕೂರಿಸಿಕೊಂಡು ಕೇಳಿದ್ದರೆ ಇಷ್ಟರಲ್ಲಿ ಇತ್ಯರ್ಥ ಆಗುತ್ತಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಒಂದೂವರೆ ಕಳೆದಿರುವುದು ಕಮಿಟಿಗೆ, ಆಯಾಗಳಿಗಲ್ಲ.