ಕರೆಂಟ್ ಹೋದರೆ ಯಾವ ಗೇಮ್ ಎಷ್ಟು ಹೊಟ್ಟೆ ಉರಿಸುತ್ತೆ? ನಾಲ್ಕು ಆಡಿ ನೋಡಿದೆ

ನಮ್ಮ ಮನೆ ಮಂಡ್ಯದಿಂದ ಸ್ವಲ್ಪ ಒಳಗೆ, ವಿ.ಸಿ. ನಾಲೆ ಬಯಲಿನಲ್ಲಿ. ಕಂಪ್ಯೂಟರ್ ಹಳೇದು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಬದಲಾಯಿಸಬೇಕು ಅಂತ ಪ್ರತಿ ತಿಂಗಳೂ ಅಂದುಕೊಳ್ಳುತ್ತೇನೆ. ಹಾಗಾಗಿ ಯಾರಾದರೂ ಒಳ್ಳೇ ಗೇಮ್ ಹೇಳು ಅಂದರೆ ನಾನು ಗ್ರಾಫಿಕ್ಸು, ಕಥೆ ಅಂತ ಶುರು ಮಾಡೋದೇ ಇಲ್ಲ. ಸಂಜೆ ಏಳೂವರೆಗೆ ಪಟ್ ಅಂತ ಕರೆಂಟ್ ಹೋದರೆ ಎಷ್ಟು ಹೊತ್ತಿನ ಆಟ ನೀರುಪಾಲಾಗುತ್ತೆ, ಅದು ನನಗೆ ಮೊದಲು. ಈ ಲೆಕ್ಕದಲ್ಲೇ ನಾಲ್ಕು ಬೇರೆ ಬೇರೆ ಜಾತಿಯ ಗೇಮ್‌ಗಳನ್ನು ಒಂದು ಮಳೆಗಾಲ ಪೂರ್ತಿ ಆಡಿದೆ.

ಮೊದಲನೇದು ಸ್ಟಾರ್‌ಡ್ಯೂ ವ್ಯಾಲಿ. ಬೇಸಾಯದ ಗೇಮ್. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ 2016ರಲ್ಲಿ ಬಿಟ್ಟಿದ್ದು. ಹಳೇ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುತ್ತೆ. ಶುರುವಿನಲ್ಲಿ ಕೈಗೆ 15 ಪಾರ್ಸ್‌ನಿಪ್ ಬೀಜ ಕೊಡುತ್ತಾರೆ, ಕ್ಯಾರೆಟ್ ಥರದ ಬಿಳಿ ಗೆಡ್ಡೆ ಅದು, ನಾಲ್ಕು ದಿನಕ್ಕೆ ಕೀಳಬಹುದು. ಅಪ್ಪ ಒಂದು ದಿನ ಹಿಂದೆ ನಿಂತು ನೋಡಿದರು.

"ಏನ್ಲಾ ಅದು, ಮೂಲಂಗಿನಾ?"

"ಅದೇ ಥರ ಅಪ್ಪ. ಕಿತ್ತು ಈ ಡಬ್ಬಿಗೆ ಹಾಕಿದ್ರೆ ಬೆಳಗ್ಗೆ ದುಡ್ಡು ಬಂದಿರುತ್ತೆ."

"ಬೆಳಗ್ಗೇನೇ ಬತ್ತದಾ?" ಅಂದರು. ಕಬ್ಬು ಕಡಿದು ಕಳಿಸಿ ಬಿಲ್ಲಿಗೆ ತಿಂಗಳುಗಟ್ಟಲೆ ಕಾದ ಮನುಷ್ಯ. ಸುಮಾರು ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ, "ಮತ್ತೆ ನೀರು? ನಾಲೆಗೆ ಬಿಟ್ಟವ್ರಾ?" ನಾಲೆ ಇಲ್ಲ, ದಿನಾ ಕ್ಯಾನಿನಲ್ಲಿ ನಾವೇ ಹೊಯ್ಯಬೇಕು ಅಂದಾಗ ನಕ್ಕು ಹೋದರು. ಮುಂದೆ ಸ್ಪ್ರಿಂಕ್ಲರ್ ಮಾಡಿಕೊಳ್ಳಬಹುದು, ಮೊದಲನೇದು ಪಕ್ಕದ ನಾಲ್ಕು ಚೌಕಕ್ಕೆ ಮಾತ್ರ ನೀರು ಕೊಡುತ್ತೆ, ಆಮೇಲಿನದು ಎಂಟಕ್ಕೆ.

ಆದರೆ ಕರೆಂಟ್ ವಿಷಯಕ್ಕೆ ಬಂದರೆ ಇದು ಸ್ವಲ್ಪ ಮೋಸ. ಗೇಮಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ, ಕಂಪ್ಯೂಟರಿನಲ್ಲಿ ಸೇವ್ ಆಗೋದು ರಾತ್ರಿ ಮಲಗಿದಾಗ ಮಾತ್ರ. ವಸಂತದ 13ನೇ ದಿನ ಎಗ್ ಫೆಸ್ಟಿವಲ್ ಅಂತ ಒಂದು ಹಬ್ಬ, ಸ್ಟ್ರಾಬೆರಿ ಬೀಜ ಸಿಗೋದು ಅಲ್ಲೇ. ಇದ್ದ ದುಡ್ಡೆಲ್ಲ ಸುರಿದು ಬೀಜ ತಂದೆ. ಮನೆಗೆ ಬಂದಾಗ ಗೇಮಿನಲ್ಲಿ ರಾತ್ರಿ 10 ಗಂಟೆ. 16ನೇ ದಿನದೊಳಗೆ ನೆಟ್ಟರೆ 28ನೇ ದಿನ ಋತು ಮುಗಿಯೋದರೊಳಗೆ ಎರಡು ಸಲ ಹಣ್ಣು ಸಿಗುತ್ತೆ, ಅದು ದಾಟಿದರೆ ಒಂದೇ ಸಲ, ಮುಂದೂಡೋದೇ ಬೇಡ ಅಂತ ಅವತ್ತೇ ಕತ್ತಲಲ್ಲಿ ಸಾಲು ಹಿಡಿದು ನೆಡುತ್ತಾ ಹೋದೆ. ಕೊನೇ ಸಾಲಿಗೆ ನೀರು ಹೊಯ್ದು ಹಾಸಿಗೆ ಕಡೆ ತಿರುಗಿದೆ. ಪಟ್. ಫ್ಯಾನೂ ನಿಂತಿತು, ಸ್ಟ್ರಾಬೆರಿಯೂ ಹೋಯಿತು. ಇಡೀ ಹಬ್ಬ ಇನ್ನೊಂದು ಸಲ ಮಾಡಿದೆ.

ಯೂರೋ ಟ್ರಕ್ ಸಿಮ್ಯುಲೇಟರ್ 2 ಇದಕ್ಕೆ ಪೂರ್ತಿ ಉಲ್ಟಾ. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದ ಗೇಮ್. ಲೋಡ್ ಹಾಕಿಕೊಂಡು ಯೂರೋಪ್ ತುಂಬಾ ಲಾರಿ ಓಡಿಸೋದು, ಅಷ್ಟೇ. ಕೇಳೋಕೆ ಬೋರ್ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತ್ತು. ಆದರೆ ನಮ್ಮ ಮನೆಯಲ್ಲಿ ಜಾಸ್ತಿ ಓಡಿದ್ದು ಇದೇ. ಆಗಾಗ ತಾನೇ ಸೇವ್ ಮಾಡಿಕೊಳ್ಳುತ್ತೆ, ರಸ್ತೆ ಮಧ್ಯದಲ್ಲಿ ನಾವೂ ಮಾಡಬಹುದು. ಹಾಗಾಗಿ ಕರೆಂಟ್ ಹೋದರೂ ಹೋಗೋದು ಒಂದಿಷ್ಟು ಕಿಲೋಮೀಟರ್ ಮಾತ್ರ. ಬಲಗಡೆ ಓಡಿಸೋದು ರೂಢಿ ಆಗೋವರೆಗೆ ಎದುರಿನವರಿಗೆ ಗುದ್ದಿ ದಂಡ ಕಟ್ಟಿದ್ದೇ ಕಟ್ಟಿದ್ದು. ಫ್ರಾನ್ಸಿನ ಕ್ಯಾಲೇಯಲ್ಲಿ ಫೆರಿ ಹತ್ತಿ ಇಂಗ್ಲೆಂಡಿನ ಡೋವರ್‌ನಲ್ಲಿ ಇಳಿದರೆ ನಮ್ಮ ಥರ ಎಡಗಡೆ, ಅಷ್ಟು ಹೊತ್ತಿಗೆ ಬಲಗಡೆ ಕೈ ಕೂತಿರುತ್ತೆ, ಮತ್ತೆ ದಂಡ!

ಇದರಲ್ಲಿ ಕಷ್ಟ ಇರೋದು ಟ್ರೈಲರ್ ರಿವರ್ಸ್ ಹಾಕೋದು. ನಾನು ಅರ್ಧ ಗಂಟೆ ಒದ್ದಾಡಿ ಬಿಟ್ಟುಬಿಟ್ಟಿದ್ದೆ. ಚಿಕ್ಕಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ, ಕೀಬೋರ್ಡ್ ಮುಟ್ಟಿದವರೇ ಅಲ್ಲ. "ಬುಡ್ಲಾ ಇಲ್ಲಿ" ಅಂತ ಕೂತರು. ಟ್ರೈಲರ್ ಎಡಕ್ಕೆ ಹೋಗಬೇಕು ಅಂದರೆ ಮೊದಲು ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಹಿಂದಿನ ಗಾಡಿ ಮಾತು ಕೇಳಿದ ತಕ್ಷಣ ಅದರ ಹಿಂದೆ ಮುಂದಿನದನ್ನು ತರಬೇಕು. ಒಂದು ಬೆರಳು ಎಡ ಬಾಣದ ಮೇಲೆ, ಒಂದು ಬಲ ಬಾಣದ ಮೇಲೆ, ಟಕ್ ಟಕ್ ಅಂತ ಮುಟ್ಟಿ ಮುಟ್ಟಿ ಎರಡನೇ ಸಲಕ್ಕೇ ಒಳಗೆ ಕೂರಿಸಿದರು. ಈಗ ಲೋಡ್ ತಲುಪಿಸೋ ಹೊತ್ತಿಗೆ ಅವರನ್ನು ಕರೆಯುತ್ತೇನೆ.

ಹೇಡಿಸ್ ಹೊಡೆದಾಟದ ಗೇಮ್, ಸೂಪರ್‌ಜೈಂಟ್ ಕಂಪನಿಯದು, 2020. ಗ್ರೀಕರ ಯಮನ ಮಗ ಅಪ್ಪನ ಮನೆ ಬಿಟ್ಟು ಓಡಿಹೋಗೋಕೆ ನೋಡುತ್ತಾನೆ, ಸಾಯುತ್ತಾನೆ, ವಾಪಸ್ ಅಪ್ಪನ ಮುಂದೆಯೇ ಬಂದು ನಿಲ್ಲುತ್ತಾನೆ. ಅಪ್ಪ ಲೆಕ್ಕಪತ್ರದಿಂದ ತಲೆ ಎತ್ತಿ ಒಂದು ಚುಚ್ಚು ಮಾತು ಆಡುತ್ತಾನೆ. ಸತ್ತಷ್ಟೂ ಕಥೆ ಮುಂದಕ್ಕೆ ಹೋಗುತ್ತೆ, ಅದೇ ಇದರ ಜಾಣತನ. ಕರೆಂಟ್ ಹೋದರೆ ನೀವಿದ್ದ ಕೋಣೆಯ ಬಾಗಿಲಿಂದ ಮತ್ತೆ ಶುರು, ಒಂದೆರಡು ನಿಮಿಷ ನಷ್ಟ. ನಿಜ ಹೇಳಬೇಕು ಅಂದರೆ ಸೋಲಲಿದ್ದಾಗ ಕರೆಂಟ್ ಹೋದರೆ ಲಾಭವೇ. ಕೈ ನಿಧಾನ ಇರೋರು ಗಾಡ್ ಮೋಡ್ ಹಾಕಿಕೊಳ್ಳಿ, ಬೀಳೋ ಪೆಟ್ಟು 20% ಕಮ್ಮಿ ಆಗುತ್ತೆ, ಪ್ರತಿ ಸಲ ಸತ್ತಾಗ ಇನ್ನೂ 2% ಸೇರುತ್ತೆ. ನಾನು ಒಂದು ವಾರ ಮರ್ಯಾದೆಗೆ ಅಂಜಿ ಹಾಕಲಿಲ್ಲ, ಆಮೇಲೆ ಹಾಕಿದೆ.

ಏಜ್ ಆಫ್ ಎಂಪೈರ್ಸ್ 2 ಬಗ್ಗೆ ನಾನು ನ್ಯಾಯವಾಗಿ ಹೇಳಲಾರೆ, ಯಾಕೆಂದರೆ ಶಾಲೆ ತಪ್ಪಿಸಿ ನೂರಡಿ ರಸ್ತೆ ಕಡೆಯ ಸೈಬರ್ ಸೆಂಟರಿನಲ್ಲಿ ಆಡಿದ್ದು ಅದನ್ನೇ. ಊರು, ಸೈನ್ಯ ಕಟ್ಟಿ ಯುದ್ಧ ಮಾಡೋ 1999ರ ಗೇಮ್, 2019ರಲ್ಲಿ ಹೊಸ ರೂಪದಲ್ಲಿ ಬಂತು. ಒಬ್ಬರೇ ಆಡಿದರೆ ಬೇಕಾದಾಗ ಸೇವ್ ಮಾಡಬಹುದು. ಆನ್‌ಲೈನ್‌ನಲ್ಲಿ ಗೆಳೆಯರ ಜೊತೆ ಒಂದು ಗಂಟೆ ಕಟ್ಟಿದ ಕೋಟೆ ಇದ್ದಾಗ ಕರೆಂಟ್ ಹೋದರೆ, ಆಮೇಲೆ ಫೋನಿನಲ್ಲಿ ಕೇಳಬೇಕಾದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಭಾನುವಾರ ಬೆಳಗ್ಗೆ ಮಾತ್ರ ಮುಟ್ಟುತ್ತೇನೆ.

ಒಂದನ್ನೇ ತಗೋಬೇಕು ಅಂದರೆ ಟ್ರಕ್. ಅದಕ್ಕೆ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಫ್ರೀ ಡೆಮೋ ಇದೆ, ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಾ ನೋಡಿ. ಲ್ಯಾಪ್‌ಟಾಪ್ ಇರೋರಿಗೆ ಈ ಕರೆಂಟ್ ಪುರಾಣವೇ ಬೇಡ, ಕಣ್ಣು ಮುಚ್ಚಿ ಸ್ಟಾರ್‌ಡ್ಯೂ ತಗೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಸ್ಟೀಮ್ ಸೇಲ್ ಬರುತ್ತೆ, ಅಲ್ಲಿವರೆಗೆ ಕಾದರೆ ಉಳಿದ ದುಡ್ಡು ಯುಪಿಎಸ್ ಬ್ಯಾಟರಿಗೆ ಆಗುತ್ತೆ. ನಾನೂ ಹಾಗೇ ಅಂದುಕೊಂಡು ಹೇಡಿಸ್ ತಗೊಂಡಿದ್ದು.